ಮೋಟಾರು ಇಂಧನವಾಗಿ ಮದ್ಯಸಾರ: ಪಂದ್ಯದ ಎಂಜಿನಿನಿಂದ ಹೇಮಾವತಿಯ ಬಯಲಿಗೆ

ಮಂಗಳೂರಿನ ತೈಲ ಶುದ್ಧೀಕರಣಾಗಾರದಿಂದ ಹೊರಟ ಪೆಟ್ರೋಲು 2003ರಿಂದೀಚೆಗೆ ನೆಲದೊಳಗಿನ ಕೊಳವೆಯಲ್ಲಿ ಘಟ್ಟವನ್ನೇರಿ ಹಾಸನಕ್ಕೆ ಬರುತ್ತದೆ. ಅಲ್ಲಿಂದ ಮುಂದೆ ಬೆಂಗಳೂರಿಗೆ ಸಾಗುತ್ತದೆ. ಈ ಕೊಳವೆ ಮಾರ್ಗದ ಉದ್ದ ಸುಮಾರು 360 ಕಿಲೋಮೀಟರು. ಆದರೆ ಪೆಟ್ರೋಲಿನೊಡನೆ ಬೆರೆಯುವ ಮದ್ಯಸಾರ, ಅಂದರೆ ಎಥನಾಲ್, ಇದೇ ಹಾದಿಯಲ್ಲಿ ಬರುವುದಿಲ್ಲ. ನೀರನ್ನು ಕಂಡಲ್ಲಿ ಹೀರಿಕೊಳ್ಳುವುದು ಅದರ ಸ್ವಭಾವವಾದುದರಿಂದ ಅದು ಟ್ಯಾಂಕರ್ ಲಾರಿಗಳಲ್ಲಿ ಬೇರೆಯಾಗಿಯೇ ಬಂದು, ತೈಲ ಸಂಗ್ರಹಾಗಾರದಲ್ಲಿ ಪೆಟ್ರೋಲನ್ನು ಸೇರುತ್ತದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಬಂಕುಗಳಲ್ಲಿ ಪೆಟ್ರೋಲೆಂಬ ಹೆಸರಿನಿಂದ ಇಂದು ಮಾರಾಟವಾಗುವ ದ್ರವದಲ್ಲಿ ಐದರಲ್ಲೊಂದು ಪಾಲಿನವರೆಗೆ ಮದ್ಯಸಾರವಿದೆ. ಇದು ನಮ್ಮ ಕಾಲದ ಹೊಸ ಆವಿಷ್ಕಾರವೆಂದು ವಿದ್ಯಾರ್ಥಿಗಳಲ್ಲಿ ಅನೇಕರು ತಿಳಿದಿರುವರು. ವಸ್ತುತಃ ಮೋಟಾರಿನ ಚರಿತ್ರೆಯಷ್ಟೇ ಹಳೆಯದು ಮದ್ಯಸಾರದ ಚರಿತ್ರೆ. ಮೈಸೂರು ಸಂಸ್ಥಾನದ ಮಟ್ಟಿಗೆ ಹೇಳುವುದಾದರೂ ಅದಕ್ಕೆ ಎಂಬತ್ತು ವರ್ಷಗಳಿಗೆ ಮಿಕ್ಕ ಹಿನ್ನೆಲೆಯುಂಟು.

ಈ ಚರಿತ್ರೆಯಲ್ಲಿ ಎರಡು ಪರಂಪರೆಗಳು ಅಕ್ಕಪಕ್ಕದಲ್ಲಿ ನಡೆದುಬಂದಿವೆ. ಒಂದು, ಪಂದ್ಯದ ಅಂಗಳದ್ದು. ಅಲ್ಲಿ ಇಂಧನವನ್ನು ಮೊದಲು ಆರಿಸಿ, ಆ ಇಂಧನದ ಗುಣಕ್ಕೆ ತಕ್ಕಂತೆ ಎಂಜಿನನ್ನು ಹದಗೊಳಿಸುತ್ತಾರೆ. ಇನ್ನೊಂದು, ಶಾಸನದ್ದು. ಅಲ್ಲಿ ಎಂಜಿನು ಇದ್ದ ಹಾಗೆಯೇ ಇರುತ್ತದೆ. ಅದು ತಾಳಿಕೊಳ್ಳುವಷ್ಟು ಮದ್ಯಸಾರವನ್ನು ಪೆಟ್ರೋಲಿಗೆ ಬೆರೆಸುತ್ತಾರೆ. ಮೊದಲನೆಯದರಲ್ಲಿ ಮದ್ಯಸಾರವನ್ನು ಬಯಸಿದ್ದು ಅದರ ಶಕ್ತಿಗಾಗಿ. ಎರಡನೆಯದರಲ್ಲಿ ಬಯಸಿದ್ದು ಕಾಕಂಬಿಯನ್ನೋ ವಿದೇಶೀ ವಿನಿಮಯವನ್ನೋ ಕುರಿತ ಚಿಂತೆಯಿಂದಾಗಿ. ಈ ಭೇದವನ್ನು ಗಮನಿಸದೆ ಮದ್ಯಸಾರವು ಎಂಜಿನಿಗೆ ಒಳ್ಳೆಯದೆಂದಾಗಲಿ ಕೆಟ್ಟದ್ದೆಂದಾಗಲಿ ವಾದಿಸುವುದು ವ್ಯರ್ಥವೆಂಬುದು ಈ ಲೇಖಕನ ಅಭಿಪ್ರಾಯ. ಯಂತ್ರವಿಷಯವನ್ನು ಚರಿತ್ರೆಯ ಪತ್ರಿಕೆಯಲ್ಲಿ ಇಷ್ಟು ವಿಸ್ತಾರವಾಗಿ ಹೇಳಬೇಕೆ ಎಂದು ಕೆಲವು ವಾಚಕರು ಕೇಳಬಹುದು. ನೇಗಿಲಿನ ರಚನೆಯನ್ನು ಅರಿಯದೆ ಬೇಸಾಯದ ಚರಿತ್ರೆಯನ್ನು ಬರೆಯಲಾಗದು, ಇಲ್ಲಿಯೂ ಹಾಗೆಯೇ.

ಪೆಟ್ರೋಲು ಸಂಪೂರ್ಣವಾಗಿ ಉರಿಯಬೇಕಾದರೆ ತೂಕದಲ್ಲಿ ತನ್ನ 14.7 ಪಾಲು ಗಾಳಿಯನ್ನು ಬೇಡುತ್ತದೆ. ಮದ್ಯಸಾರಕ್ಕೆ 9 ಪಾಲು ಗಾಳಿ ಸಾಕು. ಆದುದರಿಂದ ಎಂಜಿನು ಎಳೆದುಕೊಂಡ ಗಾಳಿ ಅಷ್ಟೇ ಇದ್ದರೆ, ಪೆಟ್ರೋಲಿನ ಒಂದೂವರೆ ಪಟ್ಟು ಅಳತೆಯ ಮದ್ಯಸಾರವನ್ನು ಒಳಬಿಡಬೇಕಾಗುತ್ತದೆ. ಒಂದು ಕಿಲೋಗ್ರಾಂ ಪೆಟ್ರೋಲಿನಲ್ಲಿರುವ ಶಾಖ ಸುಮಾರು 43 ಮೆಗಾಜೂಲ್. ಮದ್ಯಸಾರದಲ್ಲಿರುವುದು ಸುಮಾರು 27. ಈ ಎರಡು ಲೆಕ್ಕಗಳನ್ನೂ ಕೂಡಿಸಿ ನೋಡಿದರೆ ಒಂದು ಕಿಲೋಗ್ರಾಂ ಗಾಳಿಗೆ ಎರಡು ಇಂಧನಗಳಿಂದಲೂ ದೊರೆಯುವ ಶಾಖವು ಹೆಚ್ಚುಕಡಮೆ ಒಂದೇ ಆಗಿ ನಿಲ್ಲುತ್ತದೆ. ಅಂದಮೇಲೆ ಪಂದ್ಯದವರು ಇಷ್ಟೊಂದು ಇಂಧನವನ್ನು ಹೊತ್ತು ತಿರುಗುವ ತೊಂದರೆಯನ್ನು ಏಕೆ ಒಪ್ಪಿಕೊಂಡರು?

ಇದಕ್ಕೆ ಉತ್ತರ ಎರಡು ಗುಣಗಳಲ್ಲಿದೆ. ದ್ರವವು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಿರುವುದು ಇದೇ ಕಾರಣದಿಂದ. ಮದ್ಯಸಾರವು ಆವಿಯಾಗಲು ಪೆಟ್ರೋಲಿನ ಎರಡೂವರೆ ಪಟ್ಟು ಶಾಖವನ್ನು ಬೇಡುತ್ತದೆ. ಅದರ ಪ್ರಮಾಣವೂ ಹೆಚ್ಚಾಗಿರುವುದರಿಂದ ಅಷ್ಟೇ ಗಾಳಿಯಿಂದ ಅದು ಸೆಳೆದುಕೊಳ್ಳುವ ಶಾಖ ಪೆಟ್ರೋಲಿನ ನಾಲ್ಕು ಪಟ್ಟಿನಷ್ಟಾಗುತ್ತದೆ. ತಂಪಾದ ಗಾಳಿ ದಟ್ಟವಾದ ಗಾಳಿ. ಎರಡನೆಯ ಗುಣ, ಬಡಿತಕ್ಕೆ ಎಡೆಗೊಡದಿರುವುದು. ಸಿಲಿಂಡರಿನಲ್ಲಿ ಒತ್ತಡಕ್ಕೆ ಸಿಕ್ಕ ಮಿಶ್ರಣವು ಕಿಡಿಯಿಂದ ಹೊತ್ತಿದ ಜ್ವಾಲೆ ತನ್ನನ್ನು ಮುಟ್ಟುವ ಮೊದಲೇ ತಾನಾಗಿ ಸಿಡಿದರೆ ಲೋಹದ ಮೇಲೆ ಸುತ್ತಿಗೆಯಿಂದ ಹೊಡೆದಂಥ ಶಬ್ದ ಬರುತ್ತದೆ. ನಮ್ಮ ಮೆಕ್ಯಾನಿಕರು ನಾಕಿಂಗ್ ಎನ್ನುವುದು ಇದನ್ನೇ. ಎಂಜಿನಿನ ಶಕ್ತಿಗೆ ಮೇರೆಯನ್ನು ಹಾಕುವುದು ಬಹುಮಟ್ಟಿಗೆ ಈ ಬಡಿತ. ಮೊದಲನೆಯ ಮಹಾಯುದ್ಧ ಮುಗಿದೊಡನೆ ಇಂಗ್ಲೆಂಡಿನ ಹ್ಯಾರಿ ರಿಕಾರ್ಡೊ ಎಂಬ ಎಂಜಿನಿಯರು, ಓಡುತ್ತಿರುವಾಗಲೇ ಒತ್ತಡದ ಪ್ರಮಾಣವನ್ನು ಬದಲಾಯಿಸಬಹುದಾದ ಒಂದು ಪ್ರಯೋಗ ಎಂಜಿನನ್ನು ನಿರ್ಮಿಸಿ, ನಾನಾ ಇಂಧನಗಳನ್ನು ಅದರಲ್ಲಿ ಪರೀಕ್ಷಿಸಿದರು. ಅಂದಿನ ಸಾಮಾನ್ಯ ಪೆಟ್ರೋಲು ಒಂದಕ್ಕೆ ಐದರ ಆಸುಪಾಸಿನ ಒತ್ತಡದಲ್ಲಿಯೇ ಬಡಿಯತೊಡಗುತ್ತಿತ್ತು. ಮದ್ಯಸಾರವು ಏಳನ್ನು ದಾಟಿದರೂ ಬಡಿಯಲಿಲ್ಲ.

ಗಾಳಿಯನ್ನು ಬಲವಂತವಾಗಿ ತುರುಕುವ ಸೂಪರ್‌ಚಾರ್ಜರ್ ಅಥವಾ ಟರ್ಬೊ ಇರುವ ಎಂಜಿನಿನಲ್ಲಿ ಈ ಎರಡು ಗುಣಗಳಿಗೂ ವಿಶೇಷ ಬೆಲೆ ಬರುತ್ತದೆ. ಅದಕ್ಕೆ ಹಾಸನವೇ ಒಳ್ಳೆಯ ನಿದರ್ಶನ. ಸಮುದ್ರಮಟ್ಟದಿಂದ ಸುಮಾರು 950 ಮೀಟರು ಎತ್ತರದಲ್ಲಿರುವ ಈ ಊರಿನ ಗಾಳಿ ಮಂಗಳೂರಿನ ಗಾಳಿಗಿಂತ ಹತ್ತರಲ್ಲೊಂದು ಪಾಲಿನಷ್ಟು ತೆಳು. ತಾನಾಗಿ ಉಸಿರೆಳೆಯುವ ಎಂಜಿನು ಶಿರಾಡಿ ಘಟ್ಟವನ್ನು ಹತ್ತಿ ಬರುವಷ್ಟರಲ್ಲಿ ತನ್ನ ಬಲದ ಅಷ್ಟು ಪಾಲನ್ನು ಕಳೆದುಕೊಂಡಿರುತ್ತದೆ. ಟರ್ಬೊ ಇದ್ದರೆ ಆ ನಷ್ಟವನ್ನು ತುಂಬಬಹುದು, ಮೀರಲೂಬಹುದು. ಆದರೆ ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಕಾದ ಗಾಳಿ ಬಡಿತಕ್ಕೆ ದಾರಿ. ಮದ್ಯಸಾರವು ಈ ಕಾವನ್ನು ಹೀರಿಬಿಡುವುದರಿಂದ ಒತ್ತಡವನ್ನು ಮತ್ತಷ್ಟು ಏರಿಸಬಹುದು. ಕಿಡಿಯನ್ನು ಮುಂಚಿತವಾಗಿ, ಅಂದರೆ ಹೆಚ್ಚಿನ ಬಲ ಬರುವ ಸರಿಯಾದ ಕ್ಷಣಕ್ಕೆ, ಹಾರಿಸಬಹುದು. ಸ್ವೀಡನ್ನಿನ ಕೋನಿಗ್‌ಸೆಗ್ ಸಂಸ್ಥೆಯು 2007ರಲ್ಲಿ ಎರಡು ಸೂಪರ್‌ಚಾರ್ಜರುಗಳುಳ್ಳ ತನ್ನ ಎಂಜಿನನ್ನು ನೂರಕ್ಕೆ 85 ಪಾಲು ಮದ್ಯಸಾರವಿರುವ ಇಂಧನಕ್ಕೆ ಹದಗೊಳಿಸಿದಾಗ, ಪೆಟ್ರೋಲಿನಲ್ಲಿ 806 ಇದ್ದ ಅಶ್ವಶಕ್ತಿ 1018ಕ್ಕೆ ಏರಿತು.

ಹೀಗೆ ಹದಗೊಳಿಸುವ ಕೆಲಸ ಒಂದು ತಿರುಪನ್ನು ತಿರುಗಿಸಿದರೆ ಮುಗಿಯುವಂಥದಲ್ಲ. ಇಂಧನದ ಪಂಪನ್ನೂ ಸಿಂಪಡಿಸುವ ಇಂಜೆಕ್ಟರುಗಳನ್ನೂ ದೊಡ್ಡದಾಗಿ ಮಾಡಬೇಕು. ಹಿಂದಿನ ಕಾಲದಲ್ಲಾದರೆ ಕಾರ್ಬುರೇಟರಿನ ಜೆಟ್ಟಿನ ರಂಧ್ರವನ್ನು ಕೊರೆದು ಹಿಗ್ಗಿಸುತ್ತಿದ್ದರು. ಒತ್ತಡ ಏರಿದಾಗ ಇಂಧನವೇನಾದರೂ ಸಾಲದೆ ಬಂದರೆ ಪಿಸ್ಟನ್ನಿನ ತಲೆ ಕರಗುವುದುಂಟು. ಆದ್ದರಿಂದ ಅನುಭವಿಯಾದ ಮೆಕ್ಯಾನಿಕನು ಇಂಧನವನ್ನು ಧಾರಾಳವಾಗಿ ಬಿಟ್ಟು ಪ್ರಾರಂಭಿಸಿ, ಕ್ರಮೇಣ ಇಳಿಸುತ್ತ ಬರುತ್ತಾನೆ. ಕಿಡಿಯ ಕಾಲವನ್ನು ಒಂದೊಂದೇ ಡಿಗ್ರಿ ಮುಂದಕ್ಕೆ ತರುತ್ತಾನೆ. ಗಾಳಿಯ ಒತ್ತಡವನ್ನು ಎಲ್ಲಕ್ಕಿಂತ ಕಡೆಗೆ ಏರಿಸುತ್ತಾನೆ. ರಬ್ಬರಿನ ನಳಿಕೆಗಳನ್ನೂ ಸತುವು ಅಲ್ಯೂಮಿನಿಯಮ್ಮುಗಳ ಭಾಗಗಳನ್ನೂ ಮದ್ಯಸಾರಕ್ಕೆ ತಾಳುವ ವಸ್ತುಗಳಿಂದ ಮಾಡಬೇಕು. ಇನ್ನು ಚಳಿಯ ತೊಂದರೆ. ಸುಮಾರು 13 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗೆ ಶುದ್ಧ ಮದ್ಯಸಾರದ ಮೇಲೆ ಕಿಡಿಗೆ ಹೊತ್ತಿಕೊಳ್ಳುವಷ್ಟು ಆವಿಯೇ ಏಳುವುದಿಲ್ಲ. ಮಾಗಿಯ ಚಳಿಯಲ್ಲಿ ಬೆಳಗಿನ ಜಾವ ಹಾಸನದ ಬೀದಿಯಲ್ಲಿ ನಿಂತವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಮೇಲೆ ಹೇಳಿದ ಇಂಧನದಲ್ಲಿ ನೂರಕ್ಕೆ 15 ಪಾಲು ಪೆಟ್ರೋಲನ್ನು ಉಳಿಸಿಕೊಂಡಿರುವುದಕ್ಕೆ ಇದೇ ಮುಖ್ಯ ಕಾರಣ.

ಪಂದ್ಯದ ಅಂಗಳದಲ್ಲಿ ಈ ವಿದ್ಯೆಯು ತನ್ನ ತುತ್ತತುದಿಯನ್ನು ಮುಟ್ಟಿದ್ದು 1937ರಲ್ಲಿ ಎನ್ನಬಹುದು. ಆ ವರ್ಷದ ಜರ್ಮನಿಯ ಮರ್ಸಿಡಿಸ್ ಡಬ್ಲ್ಯು 125 ಕಾರಿನ ಸೂಪರ್‌ಚಾರ್ಜರ್ ಎಂಜಿನು ಆರು ನೂರು ಅಶ್ವಶಕ್ತಿಯ ಸಮೀಪಕ್ಕೆ ಬಂದಿತು. ಅದು ಕುಡಿಯುತ್ತಿದ್ದ ಇಂಧನದಲ್ಲಿ 40 ಪಾಲು ಮೆಥನಾಲ್ ಎಂಬ ಕಟ್ಟಿಗೆಯ ಮದ್ಯಸಾರ, 32 ಪಾಲು ಬೆಂಜೀನ್, 24 ಪಾಲು ನಮ್ಮ ಈ ಎಥನಾಲ್. ಪೆಟ್ರೋಲಿನ ಜಾತಿಯದು ಕೇವಲ 4 ಪಾಲು. ಯುದ್ಧಾನಂತರ ಇಟಲಿಯ ಆಲ್ಫಾ ರೋಮಿಯೊ 159 ಎಂಬ ಕಾರು ಕೇವಲ ಒಂದೂವರೆ ಲೀಟರಿನ ಎಂಜಿನಿನಿಂದ 400ಕ್ಕೂ ಹೆಚ್ಚು ಅಶ್ವಶಕ್ತಿಯನ್ನು ಹೊರಡಿಸಿತು. ಆದರೆ ಅದು ಒಂದು ಗ್ಯಾಲನ್ ಮದ್ಯಸಾರಕ್ಕೆ ಎರಡು ಮೈಲಿಯನ್ನೂ ಓಡುತ್ತಿರಲಿಲ್ಲ. 1951ರ ಜುಲೈ ತಿಂಗಳಲ್ಲಿ ಸಿಲ್ವರ್‌ಸ್ಟೋನಿನ ಪಂದ್ಯದಲ್ಲಿ, ಗಾಳಿಯನ್ನು ತುರುಕದ, ದೊಡ್ಡ ಗಾತ್ರದ, ಅಷ್ಟು ದಾಹವಿಲ್ಲದ ಫೆರಾರಿ ಕಾರು ಅದನ್ನು ಸೋಲಿಸಿತು. ಆ ವರ್ಷದ ಪ್ರಶಸ್ತಿ ಆಲ್ಫಾದ ಸವಾರ ಫಾಂಜಿಯೊನಿಗೇ ಸಂದರೂ ಸಿಲ್ವರ್‌ಸ್ಟೋನಿನ ಪಾಠವನ್ನು ಎಲ್ಲರೂ ಗ್ರಹಿಸಿದರು. 1958ರಲ್ಲಿ ಗ್ರಾಂಡ್ ಪ್ರೀ ಪಂದ್ಯಗಳಿಂದ ಮದ್ಯಸಾರವನ್ನು ಹೊರಗಿಟ್ಟು ವಿಮಾನದ ಪೆಟ್ರೋಲನ್ನು ಕಡ್ಡಾಯಮಾಡಿದರು. ಅಮೆರಿಕದ ಇಂಡಿಯಾನಾಪೊಲಿಸಿನಲ್ಲಿ ಇದಕ್ಕೆ ವಿರುದ್ಧವಾದುದು ನಡೆಯಿತು. 1964ರಲ್ಲಿ ಪೆಟ್ರೋಲಿನ ಬೆಂಕಿಯಿಂದ ಇಬ್ಬರು ಸವಾರರು ಮಡಿದ ಮೇಲೆ ಅಲ್ಲಿ 1965ರಿಂದ ಮೆಥನಾಲ್ ನೆಲೆಯಾಯಿತು, 2007ರಲ್ಲಿ ಅದರ ಸ್ಥಾನಕ್ಕೆ ಎಥನಾಲ್ ಬಂದಿತು, 2012ರಿಂದ 2.2 ಲೀಟರಿನ ಟರ್ಬೊ ಎಂಜಿನುಗಳು ನೂರಕ್ಕೆ 85 ಪಾಲು ಎಥನಾಲಿನಲ್ಲಿ ಓಡಿದವು. ಗ್ರಾಂಡ್ ಪ್ರೀ ಪಂದ್ಯಗಳಿಗೂ 2022ರಲ್ಲಿ ಅದು ನೂರಕ್ಕೆ 10ರ ಪಾಲಾಗಿ ಹಿಂದಿರುಗಿದೆ. ಈ ಎಲ್ಲ ನಿದರ್ಶನಗಳಲ್ಲಿಯೂ ಇಂಧನವು ಬದಲಾದೊಡನೆ ಎಂಜಿನೂ ಬದಲಾಯಿತೆಂಬುದನ್ನು ವಾಚಕರು ಮನಸ್ಸಿನಲ್ಲಿಡಬೇಕು.

ಇನ್ನು ಎರಡನೆಯ ಪರಂಪರೆ. ಇದರ ಮೂಲ ಎಂಜಿನಿನಲ್ಲಿಲ್ಲ, ಗಾಣದಲ್ಲಿದೆ. 1932ರಲ್ಲಿ ಭಾರತ ಸರ್ಕಾರವು ಜಾವಾ ಸಕ್ಕರೆಯ ಪೈಪೋಟಿಯಿಂದ ದೇಶದ ಸಕ್ಕರೆ ಉದ್ಯಮವನ್ನು ರಕ್ಷಿಸಲು ಶಾಸನವನ್ನು ಮಾಡಿತು. ಕೆಲವೇ ವರ್ಷಗಳಲ್ಲಿ ಕಾರ್ಖಾನೆಗಳ ಸಂಖ್ಯೆ ಹಲವು ಪಟ್ಟಾಯಿತು. ಮೈಸೂರು ಸಂಸ್ಥಾನದಲ್ಲಿ ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಕಾಲವದು. ಕೃಷ್ಣರಾಜಸಾಗರದ ನೀರು ಇರ್ವಿನ್ ನಾಲೆಯಲ್ಲಿ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆಯಲ್ಲಿ, ಮಂಡ್ಯದ ಬಯಲಿಗೆ ಹರಿದಿತ್ತು. ವ್ಯವಸಾಯ ಇಲಾಖೆಯ ಡಾ. ಲೆಸ್ಲಿ ಕೋಲ್ಮನ್ನರ ಪರಿಶ್ರಮದಿಂದ 1933ರಲ್ಲಿ ಮೈಸೂರು ಸಕ್ಕರೆ ಕಂಪನಿಯು ಸ್ಥಾಪಿತವಾಗಿ, 1934ರಲ್ಲಿ ಮಂಡ್ಯದ ಕಾರ್ಖಾನೆ ಕಬ್ಬನ್ನು ಅರೆಯಲಾರಂಭಿಸಿತು.

ಆಲೆಮನೆಗೂ ಕಾರ್ಖಾನೆಗೂ ಇರುವ ಒಂದು ಅಂತರ ಇಲ್ಲಿ ಪ್ರಸ್ತುತ. ಆಲೆಮನೆಯಲ್ಲಿ ಕಬ್ಬಿನ ಹಾಲನ್ನು ಪೂರ್ತಿಯಾಗಿ ಕುದಿಸಿ ಬೆಲ್ಲ ಮಾಡುವುದರಿಂದ ಮಿಕ್ಕುವ ದ್ರವವೇನೂ ಇಲ್ಲ. ಹೊಳೆನರಸೀಪುರದ ಬಳಿ ಹೇಮಾವತಿಗೆ ಅಡ್ಡಲಾಗಿರುವ ಶ್ರೀರಾಮದೇವರ ಕಟ್ಟೆಯ ನಾಲೆಗಳ ಕೆಳಗೂ, ಅರಕಲಗೂಡು ಸೀಮೆಯಲ್ಲಿ ಕಾವೇರಿಗೆ ಕಟ್ಟಿದ ಕಟ್ಟೆಪುರದ ಅಣೆಕಟ್ಟಿನ ಕೆಳಗೂ, ಕೆರೆಗಳ ಹಿಂದಣ ಗದ್ದೆಗಳಲ್ಲಿಯೂ ಬೆಳೆದ ಕಬ್ಬು ಹಿಂದೆ ಬಹುತೇಕ ಬೆಲ್ಲವಾಗುತ್ತಿತ್ತು. ಸಕ್ಕರೆಯ ಕಾರ್ಖಾನೆಯಲ್ಲಾದರೋ ಹರಳುಗಟ್ಟದೆ ಉಳಿಯುವ ಕಪ್ಪು ಕಾಕಂಬಿಯು ಕಬ್ಬಿನ ತೂಕದಲ್ಲಿ ನೂರಕ್ಕೆ ನಾಲ್ಕು ಪಾಲಿನಷ್ಟಿರುತ್ತದೆ. 1930ರ ದಶಕದಲ್ಲಿ ಇದು ದೇಶಕ್ಕೆಲ್ಲ ಒಂದು ಉಪದ್ರವವಾಯಿತು. ಕೊಳ್ಳುವವರಿರಲಿಲ್ಲ, ಚೆಲ್ಲಿದರೆ ನೀರು ಕೆಡುತ್ತಿತ್ತು. ಇದಕ್ಕೆ ಕಂಡ ಪರಿಹಾರವೇ ಕಾಕಂಬಿಯನ್ನು ಹುಳಿಯಿಸಿ ಬಟ್ಟಿಯಿಳಿಸಿ ಮೋಟಾರಿಗೆ ಉಣಿಸುವುದು. ಪವರ್ ಆಲ್ಕೊಹಾಲ್ ಎಂಬ ಹೆಸರು ಬಂದುದು ಆಗ. ಕುಡಿಯುವ ಸಾರಾಯಿಯಿಂದ ಇದನ್ನು ಹೆಸರಿನಲ್ಲಾದರೂ ಬೇರ್ಪಡಿಸಬೇಕಾಗಿತ್ತಷ್ಟೆ. ದೇಶದಲ್ಲಿ ಈ ಕೆಲಸಕ್ಕೆ ಮೊದಲು ಕೈಹಾಕಿದ ಪ್ರಾಂತಗಳ ಸಾಲಿನಲ್ಲಿ ಮೈಸೂರು ಸಂಸ್ಥಾನವೂ ಸೇರುತ್ತದೆ. ಮಂಡ್ಯದ ಬಟ್ಟಿ ಕಾರ್ಖಾನೆಯ ಮದ್ಯಸಾರವು ಎರಡನೆಯ ಮಹಾಯುದ್ಧದ ವೇಳೆಗೆ ಪೆಟ್ರೋಲಿನೊಡನೆ ಬೆರೆಯತೊಡಗಿತ್ತು. ಯುದ್ಧಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದು, ಬಸ್ಸುಗಳ ಬೆನ್ನಿಗೆ ಇದ್ದಿಲಿನ ಒಲೆಗಳನ್ನು ಕಟ್ಟಿಕೊಂಡು ಓಡಿಸಬೇಕಾದ ಪರಿಸ್ಥಿತಿಯಲ್ಲಿ ಪ್ರತಿಯೊಂದು ಗ್ಯಾಲನ್ನಿಗೂ ಮಹತ್ತ್ವವಿದ್ದಿತು.

1948ರಲ್ಲಿ ಭಾರತ ಸರ್ಕಾರವು ಇದನ್ನು ಇಡೀ ದೇಶಕ್ಕೆ ಅನ್ವಯಿಸುವಂತೆ ಪವರ್ ಆಲ್ಕೊಹಾಲ್ ಶಾಸನವನ್ನು ಹೊರಡಿಸಿತು. ಅದರಲ್ಲಿನ ಒಂದು ಅಂಶವನ್ನು ವಿಶೇಷವಾಗಿ ಪರಿಶೀಲಿಸಬೇಕು. ಮದ್ಯಸಾರವು ನೂರಕ್ಕೆ 99.5ಕ್ಕೆ ಕಡಮೆಯಿಲ್ಲದಷ್ಟು ಶುದ್ಧವಾಗಿರಬೇಕೆಂದು ಶಾಸನವು ವಿಧಿಸಿತು. ಬಟ್ಟಿಯಿಳಿಸುವುದರಿಂದ ಮಾತ್ರ ಈ ಶುದ್ಧಿ ಬರುವುದಿಲ್ಲ. ಸುಮಾರು 95ರವರೆಗೆ ಏರಿದ ಮೇಲೆ ನೀರೂ ಮದ್ಯಸಾರವೂ ಒಟ್ಟಿಗೇ ಆವಿಯಾಗುತ್ತವೆ. ಎಷ್ಟು ಬಾರಿ ಇಳಿಸಿದರೂ ಆ ಉಳಿದ ನೀರು ಬಿಡುವುದಿಲ್ಲ. ಅದನ್ನು ತೆಗೆಯಲು ಹಿಂದೆ ಬೆಂಜೀನನ್ನು ಬಳಸುತ್ತಿದ್ದರು. ಈಗ ಅತಿಸೂಕ್ಷ್ಮ ರಂಧ್ರಗಳುಳ್ಳ ಒಂದು ಬಗೆಯ ಹರಳುಗಳ ನಡುವೆ ಹಾಯಿಸುತ್ತಾರೆ. ಎರಡಕ್ಕೂ ವೆಚ್ಚವುಂಟು. ಇಷ್ಟು ಶ್ರಮವೇಕೆ? ನೀರಿರುವ ಮದ್ಯಸಾರವನ್ನು ಪೆಟ್ರೋಲಿಗೆ ಬೆರೆಸಿದರೆ ಎರಡೂ ಬೇರ್ಪಟ್ಟು, ನೀರು ಮದ್ಯಸಾರಗಳು ಟ್ಯಾಂಕಿನ ತಳಕ್ಕೆ ಇಳಿದುಬಿಡುತ್ತವೆ. ಆದರೆ ಮದ್ಯಸಾರಕ್ಕೆಂದೇ ಕಟ್ಟಿದ ಎಂಜಿನಿಗೆ ಆ ಐದು ಪಾಲು ನೀರಿನಿಂದ ತೊಂದರೆಯೇನೂ ಇಲ್ಲ. ಬ್ರೆಜಿಲ್ ದೇಶದಲ್ಲಿ 1979ರಿಂದ ಮಾರಾಟವಾದ ಮದ್ಯಸಾರದ ಕಾರುಗಳು ನೀರುಸಹಿತವಾದ ಇಂಧನದಲ್ಲಿಯೇ ಓಡಿದವು. ಹಳೆಯ ಎಂಜಿನನ್ನು ಮುಟ್ಟಬಾರದೆಂಬ ಒಂದು ನಿರ್ಧಾರದ ಬೆಲೆಯನ್ನು ಬಟ್ಟಿ ಕಾರ್ಖಾನೆ ತೆರಬೇಕಾಯಿತೆಂಬುದು ಇದರಿಂದ ವಿದಿತವಾಗುತ್ತದೆ.

ನಮ್ಮ ಶಾಸನಕರ್ತರನ್ನು ಇದಕ್ಕಾಗಿ ಆಕ್ಷೇಪಿಸುವುದು ಸಲ್ಲದು. ದೇಶದಲ್ಲಿ ಆಗ ಇದ್ದ ಮೋಟಾರುಗಳೆಲ್ಲ ಪೆಟ್ರೋಲಿಗಾಗಿ ಕಟ್ಟಿದವು. ಅವನ್ನು ತಯಾರಿಸುತ್ತಿದ್ದವರು ವಿದೇಶೀಯರು. ಇಂಗ್ಲೆಂಡಿನಲ್ಲಿಯೂ 1928ರಿಂದ ನಲವತ್ತು ವರ್ಷಗಳ ಕಾಲ ಕ್ಲೀವ್‌ಲೆಂಡ್ ಡಿಸ್ಕಾಲ್ ಎಂಬ ಮದ್ಯಸಾರದ ಮಿಶ್ರಣ ಸಾಮಾನ್ಯ ಕಾರುಗಳಿಗೆ ಮಾರಾಟವಾಗುತ್ತಿತ್ತು. ಅಮೆರಿಕದಲ್ಲಿ ಬಡಿತವನ್ನು ನಿಲ್ಲಿಸಲು ಬೇರೆ ದಾರಿಯನ್ನೇ ಹಿಡಿದರು. 1921ರ ಡಿಸೆಂಬರಿನಲ್ಲಿ ಥಾಮಸ್ ಮಿಜ್ಲಿ ಎಂಬಾತನು ಸೀಸದ ಒಂದು ಸಂಯುಕ್ತವನ್ನು ಚಿಟಿಕೆಯಷ್ಟು ಬೆರೆಸಿದರೆ ಪೆಟ್ರೋಲು ಬಡಿಯುವುದಿಲ್ಲವೆಂದು ಕಂಡುಹಿಡಿದನು. ಮದ್ಯಸಾರವು ಹತ್ತಿಪ್ಪತ್ತು ಪಾಲಿನಿಂದ ಮಾಡುವ ಕೆಲಸವನ್ನು ಸೀಸವು ಸಾವಿರಕ್ಕೊಂದು ಪಾಲಿನಿಂದ ಮಾಡಿತು. ಅದರ ವಿಷವನ್ನು ಜಗತ್ತು ಎಪ್ಪತ್ತು ಎಂಬತ್ತು ವರ್ಷ ಉಸಿರಾಡಿತು.

ಭಾರತದಲ್ಲಿ ಪವರ್ ಆಲ್ಕೊಹಾಲು ಕ್ಷೀಣಿಸಿದುದು ಎಂಜಿನಿನ ದೋಷದಿಂದಲ್ಲ. 1950ರ ದಶಕದಲ್ಲಿ ಮುಂಬಯಿಯ ತೈಲ ಶುದ್ಧೀಕರಣಾಗಾರಗಳು ಪ್ರಾರಂಭವಾದುವು. ಮದ್ಯಸಾರಕ್ಕೆ ರಾಸಾಯನಿಕ ಉದ್ಯಮದಲ್ಲಿ ಹೆಚ್ಚಿನ ಬೆಲೆ ದೊರೆಯಿತು. 1963ರಲ್ಲಿ ಬರೇಲಿಯಲ್ಲಿ ಮದ್ಯಸಾರದಿಂದಲೇ ಕೃತಕ ರಬ್ಬರನ್ನು ತಯಾರಿಸತೊಡಗಿದರು. ನಮ್ಮಲ್ಲಿ 1967ರಲ್ಲಿ ಮೈಸೂರು ರಾಜ್ಯವು ಪಾನನಿರೋಧವನ್ನು ತೆಗೆದುಹಾಕಿದ ಮೇಲೆ, ಕುಡಿಯುವ ಮದ್ಯಸಾರದ ಮೇಲಿನ ತೆರಿಗೆ ರಾಜ್ಯದ ಬೊಕ್ಕಸಕ್ಕೆ ದೊಡ್ಡ ಆಧಾರವಾಯಿತು. ಲೀಟರಿಗೆ ಇಷ್ಟೊಂದು ತೆರಿಗೆಯನ್ನು ತರಬಲ್ಲ ಪದಾರ್ಥವನ್ನು ಯಾವ ಸರ್ಕಾರ ತಾನೆ ಮೋಟಾರಿನ ಟ್ಯಾಂಕಿಗೆ ಸುರಿದೀತು? ಹೀಗೆ ಉಪಯೋಗ ತಪ್ಪಿ ಕಡತದಲ್ಲಿ ಮಾತ್ರ ಉಳಿದಿದ್ದ 1948ರ ಶಾಸನವನ್ನು ಸಂಸತ್ತು 2000ದಲ್ಲಿ ರದ್ದುಮಾಡಿತು. ಅದೇ 2000ದ ಫೆಬ್ರವರಿ 1ರಂದು ದೇಶದಲ್ಲೆಲ್ಲ ಸೀಸದ ಪೆಟ್ರೋಲಿನ ಮಾರಾಟ ನಿಂತಿತು. ಸೀಸದ ಸ್ಥಾನವನ್ನು ಶತಮಾನದ ಮೊದಲಲ್ಲಿಯೇ ತುಂಬಬಹುದಾಗಿದ್ದ ಪದಾರ್ಥದ ಶಾಸನವು ಸೀಸವು ನಿರ್ಗಮಿಸಿದ ವರ್ಷವೇ ರದ್ದಾದುದು ಚರಿತ್ರೆಯ ಒಂದು ವಿಚಿತ್ರ.

ಮೂರೇ ವರ್ಷಗಳಲ್ಲಿ, 2003ರ ಜನವರಿಯಿಂದ, ಕೆಲವು ರಾಜ್ಯಗಳಲ್ಲಿ ನೂರಕ್ಕೆ 5 ಪಾಲು ಎಥನಾಲನ್ನು ಬೆರೆಸುವ ಯೋಜನೆ ಮತ್ತೆ ಬಂದಿತು. ಅದು ಬಹಳ ಕಾಲ ಕುಂಟುತ್ತಲೇ ನಡೆದು, 2018ರ ಜೈವಿಕ ಇಂಧನ ನೀತಿಯ ಬಳಿಕ ವೇಗವನ್ನು ಪಡೆಯಿತು. 2022ರ ಜೂನಿನಲ್ಲಿ 10 ಪಾಲು ಮುಟ್ಟಿತು. 20 ಪಾಲಿನ ಇಂಧನವು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಬಿಡುಗಡೆಯಾಗಿ, 2025ರ ಹೊತ್ತಿಗೆ ದೇಶದ ಸಾಮಾನ್ಯ ಪೆಟ್ರೋಲೇ ಆಯಿತು. ಆಗ ಎದ್ದ ವಿವಾದವು ವಾಚಕರ ನೆನಪಿನಲ್ಲಿದ್ದೀತು. ಹಳೆಯ ವಾಹನಗಳ ಮಾಲೀಕರು ಮೈಲೇಜು ಇಳಿಯಿತೆಂದರು, ರಬ್ಬರು ಕೆಟ್ಟಿತೆಂದರು. ಕೇಂದ್ರ ಪೆಟ್ರೋಲಿಯಂ ಸಚಿವಾಲಯವು 2025ರ ಆಗಸ್ಟಿನಲ್ಲಿ ಉತ್ತರಕೊಟ್ಟು, ಎಥನಾಲಿನ ಆಕ್ಟೇನ್ ಸಂಖ್ಯೆ 108.5, ಪೆಟ್ರೋಲಿನದು 84.4 ಎಂಬುದನ್ನು ಎತ್ತಿಹಿಡಿಯಿತು. ಎಥನಾಲ್ ಬೆರೆಯದ ಪೆಟ್ರೋಲನ್ನು ಆಯ್ದುಕೊಳ್ಳುವ ಅವಕಾಶ ಬೇಕೆಂಬ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯವು ಸೆಪ್ಟೆಂಬರ್ 1ರಂದು ವಜಾಮಾಡಿತು.

ಇಲ್ಲಿ ಎರಡು ಪರಂಪರೆಗಳೂ ಒಂದರೊಳಗೊಂದು ತೊಡರಿಕೊಂಡಿವೆ. ಆಕ್ಟೇನ್ ಸಂಖ್ಯೆಯೆಂಬುದು ಬಡಿತವನ್ನು ತಡೆಯುವ ಶಕ್ತಿಯ ಅಳತೆ, ಇಂಧನದಲ್ಲಿರುವ ಶಾಖದ ಅಳತೆಯಲ್ಲ. ಒತ್ತಡವನ್ನು ಏರಿಸಿದ, ಕಿಡಿಯನ್ನು ಮುಂದಕ್ಕೆ ತಂದ ಎಂಜಿನಿನಲ್ಲಿ ಮಾತ್ರ ಅದು ಬಲವಾಗಿ ಮಾರ್ಪಡುತ್ತದೆ. ಹತ್ತು ಹದಿನೈದು ವರ್ಷಗಳ ಹಿಂದೆ ಕಟ್ಟಿದ ಕಾರ್ಬುರೇಟರಿನ ಸ್ಕೂಟರಿಗೆ ಆ ಸಂಖ್ಯೆಯಿಂದ ಬರುವ ಲಾಭ ತೀರ ಅಲ್ಪ. ಲೀಟರಿನಲ್ಲಿ ಇಳಿದ ಶಾಖದ ನಷ್ಟವಾದರೋ ಪೂರ್ತಿಯಾಗಿ ಅದರದೇ. ಸರ್ಕಾರದ ನೀತಿ ಆಯೋಗವು 2021ರ ತನ್ನ ವರದಿಯಲ್ಲಿ ಇದನ್ನು ಮರೆಮಾಡಲಿಲ್ಲ. ಬರಿಯ ಪೆಟ್ರೋಲಿಗೆಂದು ರಚಿಸಿ 10 ಪಾಲಿಗೆ ಹೊಂದಿಸಿದ ಕಾರುಗಳಲ್ಲಿ ನೂರಕ್ಕೆ 6ರಿಂದ 7, ದ್ವಿಚಕ್ರ ವಾಹನಗಳಲ್ಲಿ 3ರಿಂದ 4ರಷ್ಟು ಮೈಲೇಜು ಇಳಿಯುವುದೆಂದೂ, 20 ಪಾಲಿಗೇ ಹೊಂದಿಸಿದ ಕಾರುಗಳಲ್ಲಿ ಆ ನಷ್ಟ 1ರಿಂದ 2ಕ್ಕೆ ಇಳಿಯುವುದೆಂದೂ ಅದು ಹೇಳಿತ್ತು. ಅಂದರೆ ನಷ್ಟದ ಬಹುಪಾಲು ಎಂಜಿನನ್ನು ಹದಗೊಳಿಸದಿರುವುದರ ನಷ್ಟ. ಪಂದ್ಯದ ಕಾರಿನ ಕೀರ್ತಿಯನ್ನು ತೋರಿಸಿ ಹಳೆಯ ಸ್ಕೂಟರಿನವನನ್ನು ಸಮಾಧಾನಪಡಿಸುವುದು ನ್ಯಾಯವಲ್ಲ. ಹಾಗೆಯೇ ಆ ಸ್ಕೂಟರಿನ ಅನುಭವವನ್ನು ಹಿಡಿದು ಮದ್ಯಸಾರವು ಕೀಳು ಇಂಧನವೆನ್ನುವುದೂ ಇತಿಹಾಸಕ್ಕೆ ಸಮ್ಮತವಲ್ಲ. 2024ರ ಮಾರ್ಚ್ 15ರಂದು ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳ 183 ಬಂಕುಗಳಲ್ಲಿ ಎಥನಾಲ್ 100 ಎಂಬ ಇಂಧನದ ಮಾರಾಟವನ್ನು ಉದ್ಘಾಟಿಸಿದರು. ಅದನ್ನು ಸಾಮಾನ್ಯ ವಾಹನಕ್ಕೆ ಹಾಕುವಂತಿಲ್ಲ. ಎರಡು ಇಂಧನಗಳಿಗೂ ಹೊಂದಿಕೊಳ್ಳುವ ಎಂಜಿನೇ ಬೇಕು. ಇಂಧನಕ್ಕೆ ತಕ್ಕ ಎಂಜಿನೆಂಬ ಪಂದ್ಯದ ನಿಯಮವು ನಮ್ಮ ಸಾಮಾನ್ಯ ರಸ್ತೆಗೆ ಬಂದುದು ಇಲ್ಲಿಂದ.

ಎಂಜಿನಿನ ಪ್ರಶ್ನೆ ಹೀಗೆ ಬಗೆಹರಿಯುವಂಥದು. ಬಗೆಹರಿಯದ ಪ್ರಶ್ನೆ ನೆಲದ್ದು, ನೀರಿನದು. ಬ್ರೆಜಿಲ್ ಎಂಜಿನನ್ನು ಬದಲಾಯಿಸಿ ಗೆದ್ದಿತ್ತು. ಆದರೂ 1980ರ ದಶಕದ ಕೊನೆಯಲ್ಲಿ ಸಕ್ಕರೆಯ ಬೆಲೆ ಏರಿದಾಗ ಕಾರ್ಖಾನೆಗಳು ಸಕ್ಕರೆಯ ಕಡೆಗೆ ತಿರುಗಿ, ಮದ್ಯಸಾರದ ಕಾರುಗಳು ಬಂಕಿನ ಮುಂದೆ ಸಾಲುನಿಲ್ಲಬೇಕಾಯಿತು. ನಮ್ಮಲ್ಲಿಯೂ 2023ರ ಡಿಸೆಂಬರಿನಲ್ಲಿ ಮಳೆ ಕಡಮೆಯಾಗಿ ಸಕ್ಕರೆಯ ಕೊರತೆಯ ಭಯ ತೋರಿದೊಡನೆ ಕಬ್ಬಿನ ಹಾಲಿನಿಂದ ನೇರವಾಗಿ ಎಥನಾಲ್ ಮಾಡುವುದನ್ನು ಸರ್ಕಾರ ತಡೆಹಿಡಿಯಿತು. 2024ರ ಆಗಸ್ಟಿನಲ್ಲಿ ಆ ನಿರ್ಬಂಧವನ್ನು ಸಡಿಲಿಸಿತು. ಈ ನಡುವೆ ಮುಸುಕಿನ ಜೋಳವು ಎಥನಾಲಿನ ಪ್ರಧಾನ ಮೂಲವಾಗಿ ಬೆಳೆದುಬಿಟ್ಟಿತು. ಒಂದು ಟನ್ ಕಬ್ಬಿನ ಹಾಲಿನಿಂದ ನೇರವಾಗಿ ದೊರೆಯುವ ಎಥನಾಲ್ ಸುಮಾರು 70 ಲೀಟರು. ಒಂದು ಟನ್ ಜೋಳದಿಂದ ಸುಮಾರು 380. ಎರಡೂ ಹಾಸನ ಜಿಲ್ಲೆಯ ಬೆಳೆಗಳೇ. ಒಂದು ನಾಲೆಯ ಕೆಳಗಿನದು, ಇನ್ನೊಂದು ಮಳೆಯನ್ನು ನಂಬಿದ ಬೆದ್ದಲಿನದು.

ಗೊರೂರಿನ ಹೇಮಾವತಿ ಜಲಾಶಯವು 1979ರಲ್ಲಿ ಸಿದ್ಧವಾಯಿತು. ಅದರ ಸಾಮರ್ಥ್ಯ 37 ಟಿ.ಎಂ.ಸಿ. ಅಡಿ. ಅದರ ನಾಲೆಗಳು ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ತಾಲ್ಲೂಕುಗಳನ್ನು ಹಾದು ತುಮಕೂರು ಮಂಡ್ಯಗಳ ಕಡೆಗೆ ಹೋಗುತ್ತವೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರೀನಿವಾಸಪುರದಲ್ಲಿ ಸ್ಥಾಪಿಸಿದ ಸಹಕಾರಿ ಸಕ್ಕರೆ ಕಾರ್ಖಾನೆಗೆ ಇಟ್ಟ ಹೆಸರೂ ಹೇಮಾವತಿಯೇ. 1934ರ ಮಂಡ್ಯದಲ್ಲಿ ಮದ್ಯಸಾರವೆಂಬುದು ಹೇಗೂ ಅರೆದ ಕಬ್ಬಿನ ಎಸೆಯುವ ಶೇಷದಿಂದ ಬಂದ ಪದಾರ್ಥವಾಗಿತ್ತು. ಅದಕ್ಕಾಗಿ ಒಂದು ಬಿಂದಿಗೆ ನೀರನ್ನೂ ಹೆಚ್ಚಾಗಿ ಗದ್ದೆಗೆ ಬಿಡಬೇಕಾಗಿರಲಿಲ್ಲ. ಇಂದು ಎಥನಾಲಿಗೆಂದೇ ಕಬ್ಬನ್ನು ಅರೆಯುವಾಗ ಆ ಲೆಕ್ಕ ನಿಲ್ಲುವುದಿಲ್ಲ. ಇದೇ ಜಿಲ್ಲೆಯ ಮಡೆನೂರಿನಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು 2007ರಲ್ಲಿ ಆರಂಭಿಸಿದ ಜೈವಿಕ ಇಂಧನ ಉದ್ಯಾನವು ಬೇರೊಂದು ದಾರಿಯನ್ನು ತುಳಿಯಿತು. ಹೊಂಗೆ, ಬೇವು, ಹಿಪ್ಪೆಯಂಥ ಮರಗಳನ್ನು ರೈತರು ತಮ್ಮ ಹೊಲದ ಬದುಗಳಲ್ಲಿ ಬೆಳೆಸಿ, ಬೀಜದ ಎಣ್ಣೆಯನ್ನು ಡೀಸೆಲ್ಲಿಗೆ ಬದಲಾಗಿ ಬಳಸುವ ದಾರಿಯದು. ಅದಕ್ಕೆ ನಾಲೆಯ ನೀರು ಬೇಡ. ಆದರೆ ಪೆಟ್ರೋಲಿನ ಎಂಜಿನಿಗೆ ಅದು ಒಗ್ಗುವುದಿಲ್ಲ.

ನೀತಿ ಆಯೋಗದ ಅದೇ ವರದಿಯು ಕಬ್ಬಿನಿಂದ ಒಂದು ಲೀಟರು ಎಥನಾಲನ್ನು ಪಡೆಯಲು ಸುಮಾರು 2,860 ಲೀಟರು ನೀರು ಬೇಕಾಗುವುದೆಂದು ಲೆಕ್ಕಹಾಕಿದೆ. ಹೊಳೆನರಸೀಪುರದ ಬಂಕಿನಲ್ಲಿ ಒಬ್ಬನು ತನ್ನ ಸ್ಕೂಟರಿಗೆ ಐದು ಲೀಟರು ಪೆಟ್ರೋಲನ್ನು ಹಾಕಿಸಿಕೊಂಡರೆ ಅದರಲ್ಲಿ ಒಂದು ಲೀಟರು ಎಥನಾಲ್. ಅದು ಕಬ್ಬಿನದಾಗಿದ್ದ ಪಕ್ಷದಲ್ಲಿ, ಆ ಟ್ಯಾಂಕಿನೊಡನೆ ಅವನು ಹೊತ್ತೊಯ್ಯುವ ನೀರು ಇನ್ನೂರು ಬಿಂದಿಗೆಗೆ ಸಮೀಪ.